ಹೊಂದಿಕೊಂಡ ಮೀನುಗಳು

ತೊಂಬತ್ತರ ದಶಕದ ಕೊನೆಗೆ ನಾನು ಗೋಕಾಕದ ಕಾಲೇಜೊಂದರಲ್ಲಿ ಪ್ರಾಣಿಶಾಸ್ತ್ರ ಕಲಿಸುತ್ತಿದ್ದೆ. ಎಂ.ಫಿಲ್‌ಗಾಗಿ ಘಟಪ್ರಭೆಯ ಸಣ್ಣ ಗೆಂಡೆ ಮೀನುಗಳನ್ನು ಆರಿಸಿಕೊಂಡಿದ್ದೆ. ಹೊಳೆಯ ದಂಡೆಗೆ ಕಬ್ಬಿಣದ ಸಾಮಾನಿಗೆ ಸತು, ಕ್ರೋಮಿಯಂ ಲೇಪಿಸುವ ಕಾರ್ಖಾನೆಯೊಂದಿತ್ತು. ಅದರ ಹಳದಿ ನೀರು ನೇರ ಹೊಳೆಗೆ ಬೀಳುತ್ತಿತ್ತು. ಅಲ್ಲಿಯ ಮೀನನ್ನೂ ಹೊಳೆಯ ಮೇಲ್ಭಾಗದ ಘೋಡಗೇರಿ ಕಡೆಯ ಮೀನನ್ನೂ ಹೋಲಿಸುವುದು ನನ್ನ ಕೆಲಸ.

ಕಾರ್ಖಾನೆಯ ಕೆಳಗೆ ಮೀನು ಹಿಡಿದುಕೊಡುತ್ತಿದ್ದವಳು ವಿಧವೆಯೊಬ್ಬಳು. ಚಿಕ್ಕಮ್ಮನನ್ನು ಕರೆಯುವಂತೆ ನಾನು ಆಕೆಯನ್ನು ಮಾವಶಿ ಎನ್ನುತ್ತಿದ್ದೆ.

"ಇದನ್ನ ಕೊಯ್ದು ಏನ್ ನೋಡ್ತೀರಿ ಅಕ್ಕಾರ?"

"ಮೈಯಾಗಿನ ವಿಷ ಕಳಿಯಾಕ ಮೀನಿಗೆ ಕಿಣ್ವ ಅಂತ ಇರತಾವ ಮಾವಶಿ. ಅವು ಕೆಲಸ ಮಾಡಾಕತ್ತಾವೋ ಇಲ್ಲೋ ನೋಡ್ತೇನಿ."

"ನೋಡ್ರಿ ನೋಡ್ರಿ. ಪ್ಯಾಟ್ಯಾಗ ಯಾರೂ ಇವನ್ನ ಮುಟ್ಟವಲ್ರು."

ಮೀನಿನ ಯಕೃತ್ತಿನ ರಸವನ್ನು ಜೆಲ್ ಮೇಲೆ ಹರಿಸಿ ಬಣ್ಣ ಹಾಕಿದರೆ ಕಿಣ್ವಗಳು ಪಟ್ಟಿಗಳಾಗಿ ಮೂಡುತ್ತವೆ. ಘೋಡಗೇರಿಯ ಮೀನುಗಳಲ್ಲಿ ಪಟ್ಟಿಗಳು ಕಡುವಾಗಿದ್ದವು, ಮೀನಿನಿಂದ ಮೀನಿಗೆ ಬೇರೆಬೇರೆಯಾಗಿದ್ದವು. ಕೆಳಗಿನವುಗಳಲ್ಲಿ ಪಟ್ಟಿಗಳು ಮಂಕು, ಎಲ್ಲವೂ ಒಂದೇ ನಮೂನೆ. ಕಿಣ್ವಗಳು ಸೋತಿದ್ದವು. ವಿಷ ತಾಳದ ತಳಿಗಳು ಅಳಿದು, ಹೇಗೋ ತಾಳಿಕೊಂಡ ಒಂದೇ ಬಗೆಯವು ಉಳಿದಿದ್ದವು.

ಮಮದಾಪುರದ ಕೆಲವು ರೈತರು ಹೊಳೆಯ ನೀರು ಕೆಟ್ಟಿದೆ ಎಂದು ತಕರಾರು ಮಾಡಿದ್ದರಿಂದ ಮಾಲಿನ್ಯ ಮಂಡಳಿಯ ಅಧಿಕಾರಿ ಗೋಕಾಕದಲ್ಲಿ ಸಭೆ ಕರೆದ. ಅಲ್ಲಿ ಇದೆಲ್ಲವನ್ನೂ ಬಿಡಿಸಿ ಹೇಳಿದೆ. ಕಾರ್ಖಾನೆಯ ಮಾಲಕ ನಗುತ್ತ ಎದ್ದುನಿಂತ.

"ಅಕ್ಕಾರು ಭಾಳ ಶಾಣ್ಯಾರ ಅದಾರ್ರಿ. ತಾಳೂ ಮೀನು ಉಳದಾವ ಅಂತ ಅವರ ಹೇಳಿದ್ರಲ್ಲ? ಅಂದ್ರ ಹೊಂದ್ಕೊಂಡಾವ. ಮತ್ತೇನ್ರಿ ತಕರಾರು?"

ಸಭೆ ನಕ್ಕಿತು. ಅಧಿಕಾರಿಯೂ ನಕ್ಕ.

"ಉಳದಾವೆಲ್ಲಾ ಒಂದ ನಮೂನಿವ್ರಿ! ನಾಳಿ ಒಂದ ರೋಗ ಬಂದ್ರ ಎಲ್ಲಾ ಕೂಡೇ ಹೋಗತಾವ," ಎಂದು ಕೂಗಿದೆ. ಅಷ್ಟರಲ್ಲಿ ಚಹಾ ಬಂತು. ನನ್ನ ಮಾತು ಕಪ್ಪುಬಸಿಗಳ ಸದ್ದಿನಲ್ಲಿ ಮುಳುಗಿತು.

ಕೆಲ ವರ್ಷಗಳ ಮೇಲೆ ಹೊಳೆಯ ಮೀನಿಗೆ ಹುಣ್ಣಿನ ರೋಗ ಬಂತು. ಘೋಡಗೇರಿಯಲ್ಲಿ ಕೆಲವು ಮೀನು ಸತ್ತವು, ಬಹಳಷ್ಟು ಬದುಕಿದವು. ಕೆಳಗಿನ ದಂಡೆ ಮಾತ್ರ ಸತ್ತ ಗೆಂಡೆಗಳಿಂದ ಬೆಳ್ಳಗಾಗಿತ್ತು. ಬಕೆಟ್ಟಿನಲ್ಲಿ ತುಂಬಿಕೊಂಡು ಹೋಗಿ ಅದೇ ಅಧಿಕಾರಿಯ ಮುಂದಿಟ್ಟೆ. ಆತ ಮೂಗು ಮುಚ್ಚಿಕೊಂಡ.

"ರೋಗಕ್ಕ ಸತ್ತಾವ್ರಿ. ಅದಕ್ಕ ಕಾರ್ಖಾನಿಯವ್ರು ಏನ್ ಮಾಡ್ಯಾರು?"

ಆತ ಹೇಳಿದ್ದು ಸುಳ್ಳಲ್ಲ. ಸತ್ತದ್ದು ರೋಗಕ್ಕೆ, ಸಾಯುವಂತೆ ಮಾಡಿದ್ದು ಯಾರು ಎಂದು ಕೇಳುವ ಕಲಮು ಯಾವ ಕಾಯ್ದೆಯಲ್ಲೂ ಇರಲಿಲ್ಲ. ನನಗೆ ಪದವಿಯೇನೋ ಸಿಕ್ಕಿತ್ತು. ಪರೀಕ್ಷಕರು ಜೆಲ್ ಫೋಟೋಗಳು ಚೆನ್ನಾಗಿ ಬಂದಿವೆ ಎಂದು ಹೊಗಳಿದ್ದರು.

ಮೀನು ಹೋದ ಮೇಲೆ ಮಾವಶಿ ಅದೇ ಕಾರ್ಖಾನೆಯಲ್ಲಿ ಲೇಪನದ ತೊಟ್ಟಿ ತೊಳೆಯುವ ಕೆಲಸಕ್ಕೆ ಸೇರಿದಳು. ಒಮ್ಮೆ ಬಸ್ ಸ್ಟ್ಯಾಂಡಿನಲ್ಲಿ ಸಿಕ್ಕಾಗ ಆಕೆಯ ಬೆರಳುಗಳ ಮೇಲೆ ಗುಂಡಗೆ, ಆಳವಾಗಿ ಕೊರೆದ ಹುಣ್ಣುಗಳಿದ್ದವು.

"ಕೈಗವಸು ಕೊಟ್ಟಿಲ್ಲೇನ ಮಾವಶಿ?"

"ಕೊಟ್ಟಾರ್ರಿ. ತೂತ ಬಿದ್ದಾವ."

ಸರಕಾರಿ ದವಾಖಾನೆಗೆ ಕರೆದುಕೊಂಡು ಹೋದೆ. ಡಾಕ್ಟರು ಮುಲಾಮು ಹಚ್ಚಿ, ಆ ಕೆಲಸ ಬಿಡು ಎಂದರು. ಆಕೆ ತಲೆಯಾಡಿಸಿದಳು. ಹೊರಗೆ ಬಂದವಳೇ, ಪಾಳಿ ತಪ್ಪುತ್ತದೆ ಎಂದು ಆಟೋ ಹತ್ತಿ ಕಾರ್ಖಾನೆಗೆ ಹೋದಳು.