ತಲೆ ಎತ್ತದ ಬೇಟೆಗಾರ

ಸಂಜೀವಣ್ಣ ಯಾರನ್ನು ಕಂಡರೂ ಮೊದಲು ಕಾಲು ನೋಡುತ್ತಿದ್ದರು. ಮುಖ ಆಮೇಲೆ, ಬೇಕಾದರೆ. ದುಬೈಯ ಇಂಟರ್‌ನ್ಯಾಷನಲ್ ಸಿಟಿಯಲ್ಲಿದ್ದ ನಮ್ಮ ಫ್ಲ್ಯಾಟಿನ ಬಾಗಿಲಲ್ಲಿ ಬಿಟ್ಟ ಚಪ್ಪಲಿ ನೋಡಿಯೇ, ಒಳಗೆ ಯಾರು ಸಿಟ್ಟಿನಲ್ಲಿದ್ದಾರೆಂದು ಹೇಳುವರು. ಹೆಚ್ಚಿನ ಸಲ ತಪ್ಪಾಗುತ್ತಿತ್ತು. ಆದರೆ ಹಾಗೆ ಹೇಳಿಸಿಕೊಂಡವನಿಗೆ ನಿಜವಾಗಿಯೂ ಸಿಟ್ಟು ಬಂದು, ಕೊನೆಗೆ ಅವರ ಮಾತೇ ಗೆಲ್ಲುತ್ತಿತ್ತು.

ಕಾರ್ಕಳದ ಕಡೆಯವರು. ಇಲ್ಲಿ ಟೈಲ್ಸ್ ಅಂಗಡಿಯ ಸೇಲ್ಸ್‌ಮನ್. ಬೇಟೆಗೆ ಕಾನೂನಿನ ತಡೆ ಬರುವ ಮೊದಲು, ಎಳೆ ಪ್ರಾಯದಲ್ಲಿ, ಸೋದರಮಾವನ ತಂಡಕ್ಕೆ ಜಿಂಕೆಯ ಜಾಡು ಹುಡುಕಿಕೊಡುವ ಕೆಲಸ ಅವರದಂತೆ. ಹೆಜ್ಜೆ ನೋಡುತ್ತ ದಾರಿ ತೋರಿಸುವುದು ಇವರು; ಜಿಂಕೆ ಹತ್ತಿರವಿದೆ ಎಂದಾದ ಕೂಡಲೇ ಇವರನ್ನು ಹಿಂದೆ ಕೂರಿಸಿ ಕೋವಿಯವರು ಮುಂದೆ ಹೋಗುವರು.

“ಮಾಂಸದ ಪಾಲು ಸಿಗ್ತಿತ್ತು ಮಾರಾಯ. ಆದ್ರೆ ನಿಂತ ಜಿಂಕೆಯ ಮುಖ ನಾನು ಒಂದು ಸಲವೂ ನೋಡ್ಲಿಲ್ಲ.”

ಝೂಗೆ ಕರೆದೊಯ್ಯುತ್ತೇನೆಂದರೆ ಮುಖ ಗಂಟಿಕ್ಕುವರು. ಜಾಡು ಹಿಡಿದು ಹೋಗಿಯೇ ನೋಡಬೇಕಂತೆ, ಒಂದೇ ಒಂದು ಸಲ ಸಾಕಂತೆ.

ತುಳುನಾಡಿನಲ್ಲಿ ಕೆಡ್ಡಸದ ದಿನಗಳಲ್ಲಿ ಭೂಮಿತಾಯಿ ಮುಟ್ಟಾಗುತ್ತಾಳೆ ಎಂಬ ನಂಬಿಕೆ. ಯಾರೂ ನೆಲ ಅಗೆಯುವುದಿಲ್ಲ. ಕೆಡ್ಡಸಕ್ಕೆ ಬೇಟೆಗೆ ಹೋಗುವ ವಾಡಿಕೆಯೂ ಇತ್ತು. ಸಂಜೀವಣ್ಣ ಎರಡನ್ನೂ ದುಬೈಗೆ ತಂದಿದ್ದರು. ಆ ವಾರದ ಶುಕ್ರವಾರ ನಾವು ನಾಲ್ಕೈದು ಜನ ಅವರ ಹಿಂದೆ ಅಲ್ ಕುದ್ರಾದ ಮರಳುಗಾಡಿಗೆ ಹೊರಡಬೇಕು. ಅಲ್ಲೂ ಮರಳುಗಾಡಿನ ಜಿಂಕೆಗಳಿವೆ. ಕೋವಿಯಿಲ್ಲ, ಕತ್ತಿಯಿಲ್ಲ. ಡಬ್ಬದಲ್ಲಿ ಹುರಿದ ಅಕ್ಕಿಹಿಟ್ಟಿಗೆ ಬೆಲ್ಲ, ಕಾಯಿತುರಿ ಕಲಸಿದ್ದು ಮಾತ್ರ. ಮೊದಲ ವರ್ಷ ಟೆಂಟಿನ ಗೂಟ ಹೊಡೆಯಲು ಹೋದವನ ಕೈಯಿಂದ ಸುತ್ತಿಗೆ ಕಿತ್ತುಕೊಂಡರು. ಇದು ಅರಬರ ಭೂಮಿಯಲ್ಲವೇ ಎಂದು ನಾನು ಕೆಣಕಿದೆ.

“ಭೂಮಿಗೆ ಎಂತ ವೀಸಾ ಉಂಟಾ?” ಎಂದರು. ಟೆಂಟಿನ ಮೂಲೆಗಳನ್ನು ಸರದಿಯಲ್ಲಿ ಹಿಡಿದುಕೊಂಡು ಊಟ ಮುಗಿಸಿದೆವು.

ಆ ಸಲ ಗೊರಸಿನ ಗುರುತು ಹಿಡಿದು ಬಿಸಿಲಲ್ಲಿ ನಮ್ಮನ್ನು ನಡೆಸಿದ್ದೇ ನಡೆಸಿದ್ದು. ಜಾಡು ಮುಗಿದದ್ದು ಯಾರದೋ ಆಡಿನ ಹಟ್ಟಿಯಲ್ಲಿ. ಅಲ್ಲಿದ್ದ ಪಠಾಣ ನಗುತ್ತ ಚಹಾ ಕೊಟ್ಟ. ಸಂಜೀವಣ್ಣ ಮಾತ್ರ, ಪ್ರಾಣಿ ತಪ್ಪಿರಬಹುದು, ಜಾಡು ತಪ್ಪಿಲ್ಲ ಎಂದು ವಾದಿಸುತ್ತಲೇ ಎರಡು ಲೋಟ ಕುಡಿದರು.

ಮುಂದಿನ ಕೆಡ್ಡಸಗಳೂ ಹೀಗೇ ಕಳೆದವು. ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಹೊರಟ ವರ್ಷ ಅವರಲ್ಲಿ ತಮಾಷೆ ಕಡಿಮೆಯಾಗಿತ್ತು. ಇನ್ನೊಂದು ಕೆಡ್ಡಸ ಇಲ್ಲಿ ಸಿಗುವುದಿಲ್ಲವೆಂದು ನಮಗೂ ಗೊತ್ತಿತ್ತು. ಗಾಳಿ ಮರಳನ್ನು ಒರೆಸುತ್ತಿತ್ತು. ಅವರು ಬಗ್ಗಿ, ಅಳಿದುಳಿದ ಸಣ್ಣ ಗೊರಸಿನ ಗುರುತುಗಳನ್ನು ನೋಡುತ್ತ ನಡೆದರು. ಪೊದೆಯೊಂದರ ಬಳಿ ಮೊಣಕಾಲೂರಿ, “ಇದು ಹೊಸತು. ಇಲ್ಲೇ ಎಲ್ಲೋ ಉಂಟು,” ಎಂದು ಪಿಸುಗುಟ್ಟಿದರು.

ನಾನು ಮುಂದೆ ನೋಡಿದೆ. ಘಾಫ್ ಮರದ ನೆರಳಲ್ಲಿ ಜಿಂಕೆ ನಿಂತಿತ್ತು. ಅವರು ಇನ್ನೂ ನೆಲವನ್ನೇ ನೋಡುತ್ತಿದ್ದರು. ಕರೆದರೆ ಓಡಿಹೋದೀತು. ಬೇರೆ ದಾರಿ ತೋಚದೆ ಅವರ ಗದ್ದಕ್ಕೆ ಬೆರಳಿಟ್ಟು ಮುಖವನ್ನು ಮೆಲ್ಲಗೆ ಎತ್ತಿದೆ.

ಜಿಂಕೆ ನಮ್ಮನ್ನು ನೋಡಿತು. ಅವಸರವಿಲ್ಲದೆ ದಿಬ್ಬ ಹತ್ತಿ ಹೋಯಿತು. ಸಂಜೀವಣ್ಣನ ಕಣ್ಣಲ್ಲಿ ನೀರಿತ್ತು. ಆ ದಿನ ಫ್ಲ್ಯಾಟಿಗೆ ಮರಳಿದಾಗ ಬಾಗಿಲಲ್ಲಿದ್ದ ಚಪ್ಪಲಿಗಳ ಕಡೆ ನೋಡದೆ ನೇರ ಒಳಗೆ ಹೋದರು.

ಮರುವಾರ ಅವರನ್ನು ವಿಮಾನ ನಿಲ್ದಾಣಕ್ಕೆ ಬಿಡಲು ಹೋದೆ. ಅಂದು ನೆಲ ನೋಡುತ್ತ ನಿಂತವನು ನಾನು. ಟ್ರಾಲಿ ಬಿಟ್ಟು ಹತ್ತಿರ ಬಂದು, ನನ್ನ ಗದ್ದಕ್ಕೆ ಬೆರಳಿಟ್ಟರು.

“ಮುಖ ತೋರ್ಸು ಮಾರಾಯ,” ಎಂದರು. “ನೋಡಿ ಹೋಗ್ತೇನೆ.”