ಕೂದಲೆಳಿ ದಾಟೋವಷ್ಟು ತೂತು

ಇವತ್ತು ಮುಂಜಾನಿ ತಲಿ ಹಿಕ್ಕೊಳ್ಳಾಗ ಹಣಗ್ಯಾಗ ಉದ್ದನ್ನ ಬಿಳಿ ಕೂದಲೊಂದು ಸಿಕ್ಕೊಂಡು ಬಂತು. ದಿನಾ ಸುತ್ತಿ ಒಗಿಯೋಳು, ಒಗೀಲಿಲ್ಲ. ಎರಡೂ ತುದಿ ಹಿಡಿದು ಎಳದೆ. ಇನ್ನೂ ಗಟ್ಟಿ ಐತಿ. ಮಾಸ್ತರ ಇದ್ದಿದ್ರ ಕೇಳಿ ಇಸ್ಕೋತಿದ್ದ...

ಗಿಣಿಗೇರಾದ ಫ್ಯಾಕ್ಟರಿಗಳ ಹಿಂದ ಒಂದು ಸಣ್ಣ ಶೆಡ್ ಇತ್ತು. ನಾ ಅಲ್ಲಿ ಕಸ ಹೊಡೀತಿದ್ದೆ. ಅಂವ ಲೇಸರ್ ಮಷೀನ್ ನಡಸಾಂವ. ಎಲ್ಲಾರೂ ಮಾಸ್ತರ ಅಂತಿದ್ರು. ಎರಡ್ಮೂರು ಲೋಹ ಕೂಡಿಸಿ ಎರೆದ, ಬೆಂಕಿಗೂ ಬಗ್ಗದ ಬಿಲ್ಲಿ ಬರತಿದ್ದವು, ಅಂಗೈ ಅಗಲ. ಭಟ್ಟಿಗೆ ಉರಿ ಬಿಡೋ ನಳಿಗಿ ಬಾಯಿಗೆ ಕೂಡಿಸ್ತಾರಂತ. ಅವಕ್ಕ ಅಂವ ಬೆಳಕಿನಿಂದ ಕೂದಲೆಳಿಯಷ್ಟು ಸಣ್ಣ ತೂತು ಹಾಕತಿದ್ದ. ಬೈರಿಗಿ ಇಲ್ಲ, ಸುತ್ತಿಗಿ ಇಲ್ಲ. ಚಟ್ ಅಂತಿತ್ತು, ಒಂದು ಕಿಡಿ ಹಾರತಿತ್ತು, ಮುಗೀತು. ಆ ಬೆಳಕು ಮಾತ್ರ ಕಣ್ಣಿಗೆ ಕಾಣತಿರಲಿಲ್ಲ.

"ಕಾಣದ ಬೆಳಕು ಎಂಥಾದ್ದೋ ತಮ್ಮಾ, ಸುಳ್ಳ ಹೇಳಬ್ಯಾಡ" ಅಂದೆ.

"ದೇವ್ರೂ ಕಾಣೂದಿಲ್ಲ. ನೀ ಕಾಯಿ ಒಡಸೂದಿಲ್ಲೇನ್ ಬೇ?" ಅಂದ.

ಮಷೀನಿಗೆ ಒಂದು ಬಾಗಲ ಇತ್ತು. ಅದನ್ನ ಮುಚ್ಚಿದ್ರಷ್ಟ ಬೆಳಕು ಬಿಡತಿತ್ತು. ಪ್ರತಿ ಸಲ ತಗದು ಮುಚ್ಚೂದ್ರಾಗ ಹೊತ್ತು ಹೋಗತೈತಿ, ಮಾಲಕ ಒದರತಾನ ಅಂತ ಮಾಸ್ತರ ಅದರ ಸಂದ್ಯಾಗ ಒಂದು ಕಬ್ಬಿಣದ ತುಂಡು ತುರುಕಿದ್ದ. ಬಾಗಲ ಮುಚ್ಚೈತಿ ಅಂತ ತಿಳಕೊಂಡು ಮಷೀನ್ ನಡೀತಿತ್ತು. ಇಂವ ಒಳಗ ಬಗ್ಗಿ ನೋಡಕೋತ ಕೆಲಸ ಮಾಡತಿದ್ದ. ಹಸರ ಚಸ್ಮಾ ಕೊಟ್ಟಿದ್ರು. ಅದರಾಗ ತೂತು ನೆಟ್ಟಗ ಕಾಣೂದಿಲ್ಲಂತ ಹಣಿ ಮ್ಯಾಲೆ ಏರಿಸ್ಕೊಂಡಿರತಿದ್ದ.

ಒಂದಿನ ಊಟದ ಹೊತ್ತಿನ್ಯಾಗ ಬಲಗಣ್ಣು ತಿಕ್ಕೋತ ಬಂದ. "ಯಮ್ಮಾ, ಕಣ್ಣಿನ ನಡುವ ಕರಿ ನೊಣ ಕುಂತಂಗ ಐತಿ. ಹಾರವಲ್ದು."

ಆ ಕಣ್ಣು ಒಳಗ ಸುಟ್ಟೈತಿ, ಇನ್ನೊಂದರ ಉಳಿಸ್ಕೋ ಅಂದ್ರಂತ ಕೊಪ್ಪಳದ ಡಾಕ್ಟರು. ಮಾಲಕಗ ಹೇಳಬ್ಯಾಡ ಅಂತ ನನ್ನ ಕೈ ಹಿಡದ. ಒಕ್ಕಣ್ಣಾವನ್ನ ಯಾರು ಇಟ್ಕೋತಾರ, ನನಗ ಬ್ಯಾರೆ ಕೆಲಸ ಬರೂದಿಲ್ಲ ಅಂದ. ನಾ ಹೂಂ ಅಂದೆ.

ತೂತು ಆರಪಾರ ಬಿದ್ದಾವೋ ಇಲ್ಲೋ ಅವಗ ತಿಳೀವಲ್ದಾತು. ನಾ ತಲಿಯೊಳಗಿಂದ ಒಂದು ಕೂದಲ ಕಿತ್ತು ತೂತಿನ್ಯಾಗ ಪೋಣಿಸಿದೆ. ದಾಟಿತು. ಮುಂದಿನದ್ರಾಗ ದಾಟಲಿಲ್ಲ. ಅಲ್ಲಿ ಎಲಿ ಅಡಿಕಿ ಡಬ್ಬ್ಯಾಗಿನ ಸುಣ್ಣದ ಬೊಟ್ಟು ಇಟ್ಟೆ. ಅಂವ ಅಲ್ಲಿ ಮತ್ತೊಮ್ಮಿ ಬೆಳಕು ಬಿಟ್ಟ. ಅವತ್ತಿನಿಂದ ದಿನಾ ಅದೇ ಕೆಲಸ.

"ನಿನ್ನ ತಲಿ ಬೋಳ ಆಗೂತನಾ ನನ್ನ ನೌಕರಿ ಗಟ್ಟಿ ಬೇ" ಅಂತಿದ್ದ. ನಾನೂ ನಗತಿದ್ದೆ.

ಬಾಗಲ ಸಂದ್ಯಾಗಿನ ಆ ತುಂಡು ತಗಿ ಅಂತ ಎರಡು ಸಲ ಅಂದೆ. ತಗದ್ರ ಕೆಲಸ ತಡಾ ಆಗತೈತಿ ಅಂದ. ಮೂರನೇ ಸಲ ಅನ್ನಲಿಲ್ಲ. ಅದರ ಸುತ್ತ ಕಸಾ ಹೊಡಕೋತ ಇದ್ದೆ...

ಒಂದು ಮಧ್ಯಾಹ್ನ ಬಿಲ್ಲಿ ಕೊಡಾಕ ಹೋದೆ. ಅಂವ ಮಾರಿ ಎತ್ತಿ ನನ್ನ ಕಡೆ ನೋಡಿದ. ಕೈ ಚಾಚಲಿಲ್ಲ.

"ಯಮ್ಮಾ, ನಿನ್ನ ಸೆರಗ ಐತಿ, ಕೈ ಅದಾವ. ಮಾರಿ ಇಲ್ಲ."

ಎಡಗಣ್ಣೂ ನಡುವ ಸುಟ್ಟಿತ್ತು. ಮಾಲಕ ಅವನ್ನ ಅಳವಂಡಿಗೆ, ಅವರಕ್ಕನ ಮನಿಗೆ ಕಳಿಸಿಬಿಟ್ಟ. ನಾ ಒಮ್ಮಿ ನೋಡಾಕ ಹೋಗಿದ್ದೆ. ಕಟ್ಟಿ ಮ್ಯಾಲೆ ಕುಂತು, ಕೆಟ್ಟ ಬಿಲ್ಲಿಯೊಂದನ್ನ ಹಿಡಕೊಂಡು, ಬೆರಳಲೆ ತೂತು ಹುಡುಕಿ ಕೂದಲ ಪೋಣಸತಿದ್ದ. ಕೂದಲ ಬಾಗತಿತ್ತು. ಮತ್ತ ಹಚ್ಚತಿದ್ದ. ನನ್ನ ನೋಡಾಕ ಮಾರಿ ಅತ್ತಾಗ ಹೊಳ್ಳಿಸಿದ. ಓರಿಗಣ್ಣಲೆ ಅಷ್ಟ ಏನರ ಕಾಣತಿತ್ತಂತ.

"ಮಾಲಕಗ ಹೇಳ ಬೇ. ಕೈಲೆ ನೋಡಿ ಮಾಡತಾನ ಅನ್ನು. ಒಂದ ತಿಂಗಳ ಕೊಡ ಅನ್ನು."

ಹೇಳತೀನಿ ಅಂದೆ. ಹೇಳಲಿಲ್ಲ. ಅವನ ಜಾಗಾದಾಗ ಆಗಲೇ ಇನ್ನೊಬ್ಬಾಂವ ಕುಂತಿದ್ದ, ಚಸ್ಮಾ ಹಣಿ ಮ್ಯಾಲೆ.

ಮರುದಿನ ಹೋಗಿ ಬಾಗಲದ ಸಂದಿ ನೋಡಿದೆ. ತುಂಡು ಅಲ್ಲೇ ಇತ್ತು. ಎರಡು ಬೆರಳಲೆ ಎಳದೆ, ಬಂದುಬಿಡ್ತು. ಅಷ್ಟು ಸಡ್ಲ ಇತ್ತು ಅದು... ಇಷ್ಟು ದಿನ. ಗಟಾರಕ್ಕ ಒಗದೆ. ಮಷೀನ್ ನಿಂತಿತು, ಮಾಲಕ ಒದರಿದ, ನನ್ನ ಬಿಡಿಸಿದ.

ಮಾಸ್ತರ ಹೋಗಿ ಎರಡು ವರ್ಷ ಆತು. ಸುದ್ದಿ ತಡಾ ಆಗಿ ಮುಟ್ಟಿತು, ಮಣ್ಣಿಗೂ ಹೋಗಲಿಲ್ಲ. ಕೂದಲ ಇನ್ನೂ ಕೈಯಾಗ ಐತಿ. ಇದನ್ನ ಪೋಣಸಾಕ ಈಗ ಏನೂ ಇಲ್ಲ. ಅವತ್ತು ಕಟ್ಟಿ ಮ್ಯಾಲೆ ಅವಗ ನನ್ನ ಮಾರಿ ಕಾಣಿಸಿದ್ರ, ಹೇಳತೀನಿ ಅಂದದ್ದು ಸುಳ್ಳಂತ ಗೊತ್ತಾಗತಿತ್ತು. ಕಾಣಲಿಲ್ಲ. ಮಾಲಕ ಕರೀತಾನ ಅಂತ ಕಾಯಕೋತ ಸತ್ತ.