ಬಚ್ಚಲೊಳಗಿನ ಕೆಮ್ಮು

ದೆವ್ವ, ಗಾಳಿ ಎಂದರೆ ನಾನು ನಕ್ಕುಬಿಡುತ್ತಿದ್ದೆ. ಕಂಪ್ಯೂಟರಿನ ಕೆಲಸ ಮಾಡುವವಳಲ್ಲವೇ, ಕಾರಣವಿಲ್ಲದೆ ಏನೂ ಆಗುವುದಿಲ್ಲ ಎಂಬ ಜಂಬ ಬೇರೆ. ಈಗಲೂ ನಂಬುತ್ತೇನೆಂದು ಹೇಳಲಾರೆ. ಆದರೆ ಇದು ನಡೆದದ್ದು ನನಗೇ. ನಗುವುದಾದರೆ ನೀವೂ ನಕ್ಕುಬಿಡಿ.

ಎರಡು ಸಾವಿರನೇ ಇಸವಿಯ ಆಚೀಚೆಯ ವರ್ಷಗಳು. ನಾನೂ ನನ್ನ ಗಂಡ ಸತೀಶನೂ ಮೂಡಿಗೆರೆಯ ಬಾಡಿಗೆ ಮನೆಯಲ್ಲಿ, ಫೋನ್ ಲೈನಿನ ಇಂಟರ್‌ನೆಟ್ ನಂಬಿಕೊಂಡು, ಕರ್ನಲ್ ಕೆಲಸ ಮಾಡುತ್ತಿದ್ದೆವು. ಕರ್ನಲ್ ಎಂದರೆ ಉಳಿದೆಲ್ಲ ಪ್ರೋಗ್ರಾಮುಗಳನ್ನು ಅಂಕೆಯಲ್ಲಿಡುವ ಪ್ರೋಗ್ರಾಮು. ಎರಡು ಪ್ರೊಸೆಸರ್ ಒಂದೇ ಮಾಹಿತಿಗೆ ಒಟ್ಟಿಗೆ ಕೈಹಾಕದಂತೆ ಅದರಲ್ಲಿ ಲಾಕ್ ಇಡಬೇಕು. ಸತೀಶನನ್ನು ಹೆಸರು ಹಿಡಿದೇ ಕರೆಯುತ್ತಿದ್ದೆ, ಜೊತೆಗೇ ಇದ್ದ ಅತ್ತೆಯ ಎದುರು ಮಾತ್ರ ಬಹುವಚನ.

ನಮ್ಮ ಬಚ್ಚಲಿಗೆ ಚಿಲಕವಿರಲಿಲ್ಲ. ಹೊರಗಿನವರು ಕೆಮ್ಮಬೇಕು, ಒಳಗಿದ್ದವರು ತಿರುಗಿ ಕೆಮ್ಮಬೇಕು. ಸತೀಶ ತನ್ನ ಅಮ್ಮನಿಗೆ ಕೆಲಸ ವಿವರಿಸಲು ಅದನ್ನೇ ಹಿಡಿದುಕೊಂಡ.

"ಲಾಕ್ ಅಂದ್ರೆ ಇದೇ ಅಮ್ಮ, ಒಬ್ರು ಒಳಗಿದ್ರೆ ಇನ್ನೊಬ್ರು ಹೊರಗೆ ಕಾಯ್ಬೇಕು. ನಾವು ಬಟ್ಟೆ ಹಾಕ್ಕೊಂಡು ಆಮೇಲೆ ಹೊರಗೆ ಬರ್ತೀವಿ ತಾನೆ? ಈ ಪ್ರೊಸೆಸರ್ ಅವಸರಕ್ಕೆ ಮೊದ್ಲು ಹೊರಗೆ ಬಂದು ಆಮೇಲೆ ಬಟ್ಟೆ ಹಾಕ್ಕೊಳ್ಳುತ್ತೆ. ಹಾಗಾಗ್ದಂಗೆ ನಡುವೆ ಒಂದು ತಡೆ ಬರೀತೀವಿ."

"ಥೂ, ಮಾನಗೆಟ್ಟ ಕೆಲಸ ಮಾರಾಯ!" ಎಂದು ಅತ್ತೆ ನಕ್ಕಿದ್ದರು.

ಅದೇ ವರ್ಷ ಚಾರ್ಮಾಡಿ ಘಾಟಿಯಲ್ಲಿ ಬೈಕ್ ಜಾರಿ ಸತೀಶ ಹೋಗಿಬಿಟ್ಟ. ಅವನ ಸದ್ದಿಗಾಗಿ ಹಂಬಲಿಸಿ ಮನೆಯೆಲ್ಲ ಓಡಾಡುತ್ತಿದ್ದೆ. ಜಗಳಕ್ಕಾದರೂ ಒಮ್ಮೆ ಬರಬಾರದೇ ಅನ್ನಿಸುತ್ತಿತ್ತು.

ಕರ್ಮಾಂತರವೆಲ್ಲ ಮುಗಿದ ಮೇಲೆ ಒಂದು ಬೆಳಿಗ್ಗೆ ಟವೆಲ್ ಹಿಡಿದು ಬಚ್ಚಲಿಗೆ ಹೋದೆ. ಬಾಗಿಲು ಮುಚ್ಚಿತ್ತು. ಅಭ್ಯಾಸಬಲ, ಕೆಮ್ಮಿದೆ. ಒಳಗಿನಿಂದ ಕೆಮ್ಮು ಬಂತು. ಒಮ್ಮೆ ಕೆಮ್ಮಿ, ಆಮೇಲೆ ಗಂಟಲು ಸರಿಮಾಡಿಕೊಳ್ಳುವ ಸತೀಶನ ಕೆಮ್ಮು. ಮನೆಯಲ್ಲಿ ಇನ್ನಿದ್ದವರು ಅತ್ತೆಯೊಬ್ಬರೇ, ಅವರು ಅಂಗಳದಲ್ಲಿ ಹೂ ಕೊಯ್ಯುತ್ತಿದ್ದುದು ನನ್ನ ಕಣ್ಣಿಗೆ ಕಾಣುತ್ತಿತ್ತು.

ಹೆದರಿಕೆಯಾಗಲಿಲ್ಲ. ಬಾಗಿಲು ತಳ್ಳಿದರೆ ಒಳಗೆ ಯಾರೂ ಇರುವುದಿಲ್ಲವಲ್ಲ ಎಂಬುದೇ ಸಂಕಟ. ತಳ್ಳದಷ್ಟು ಹೊತ್ತು ಅವನು ಒಳಗಿದ್ದಾನೆ. ಮತ್ತೆ ಕೆಮ್ಮಲೂ ಇಲ್ಲ, ಉತ್ತರ ಬರದಿದ್ದರೆ? ಲಾಕ್ ಹಿಡಿದವನು ಅದನ್ನು ಬಿಡದೆ ಸತ್ತರೆ ಕಾಯುವವನು ಕಾಯುತ್ತಲೇ ಇರುತ್ತಾನೆ. ನಮ್ಮ ಕೆಲಸದಲ್ಲಿ ಅದು ದೊಡ್ಡ ತಪ್ಪು. ಗೊತ್ತಿದ್ದೂ ನಿಂತೇ ಇದ್ದೆ.

ಅತ್ತೆ ಬಂದರು. "ಯಾಕಮ್ಮಾ, ಇಲ್ಲೇ ನಿಂತಿದ್ದೀಯ? ನೀರು ತಣ್ಣಗಾಗುತ್ತೆ."

"ಒಳಗಿದ್ದಾರೆ, ಅತ್ತೆ." ಬಾಯಿತಪ್ಪಿ ಬಂದುಬಿಟ್ಟಿತು.

ಅವರು ಬಾಗಿಲನ್ನೇ ನೋಡಿದರು. ಬೈಯುತ್ತಾರೇನೋ ಅಂದುಕೊಂಡೆ.

"ಇರ್ಲಿ ಬಿಡು," ಅಂದರು. "ನಿಧಾನಕ್ಕೆ ಬರ್ಲಿ. ಬಾ, ಕಾಫಿ ಕುಡಿಯಣ."

ಅವರಿಗೂ ಕೇಳಿಸಿತ್ತೋ, ನನ್ನ ಮೇಲಿನ ಮರುಕವೋ, ಇವತ್ತಿಗೂ ಗೊತ್ತಿಲ್ಲ. ಕೇಳುವ ಧೈರ್ಯ ಬರಲಿಲ್ಲ. ಆ ಕೆಮ್ಮಿಗೆ ಕಾರಣ ಹುಡುಕಿ ಹುಡುಕಿ ಸೋತಿದ್ದೇನೆ. ಆ ದಿನ ನಾವಿಬ್ಬರೂ ಸ್ನಾನ ಮಾಡಲಿಲ್ಲ.